ಒನಕೆಗೊಂದು ನ್ಯಾಯ, ಪಿಸ್ತೂಲಿಗೊಂದು ನ್ಯಾಯವೇ?



ಮಾಲಾಶ್ರೀಯವರ ಹೊಡೆದಾಟದ ಚಿತ್ರಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸರಸ್ವತಿಪುರಂನ ಹಿರಿಯರ ಹರಟೆಯಲ್ಲಿ ಎರಡು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ಹೆಂಗಸೊಬ್ಬಳು ಹತ್ತು ಮಂದಿ ರೌಡಿಗಳನ್ನು ಹೊಡೆದುರುಳಿಸುವುದು ನಂಬುವಂತಿಲ್ಲ ಎಂಬುದು ಒಂದು. ಅಷ್ಟು ರಕ್ತಪಾತ ಹೆಣ್ಣಿಗೆ ಒಪ್ಪುವುದಿಲ್ಲ ಎಂಬುದು ಇನ್ನೊಂದು. 1989ರ ‘ನಂಜುಂಡಿ ಕಲ್ಯಾಣ’ದ ಗತ್ತಿನ ಹುಡುಗಿಯನ್ನು ನಕ್ಕು ಮೆಚ್ಚಿಕೊಂಡವರೇ 2004ರ ‘ದುರ್ಗಿ’ಯನ್ನೂ 2009ರ ‘ಕನ್ನಡದ ಕಿರಣ್ ಬೇಡಿ’ಯನ್ನೂ ಕಂಡು ಹುಬ್ಬು ಗಂಟಿಕ್ಕುತ್ತಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ನಾಯಕನು ಒಂದೇ ಏಟಿಗೆ ಐವರನ್ನು ಗಾಳಿಗೆ ತೂರಿದಾಗ ನಾವು ಭೌತಶಾಸ್ತ್ರದ ಪುಸ್ತಕ ತೆರೆಯುವುದಿಲ್ಲ, ಶಿಳ್ಳೆ ಹೊಡೆಯುತ್ತೇವೆ. ಒಂದೇ ಉತ್ತರಕ್ಕೆ ಹುಡುಗನಿಗೆ ಹತ್ತು ಅಂಕ, ಹುಡುಗಿಗೆ ಐದು ಅಂಕ ಕೊಡುವ ಮೌಲ್ಯಮಾಪನವನ್ನು ಯಾವ ಶಾಲೆಯೂ ಒಪ್ಪದು.

ಎರಡನೆಯದು ತುಸು ಆಳದ ಮಾತು. 1972ರ ‘ನಾಗರಹಾವು’ ಚಿತ್ರದಲ್ಲಿ ಓಬವ್ವನಾಗಿ ಜಯಂತಿಯವರು ಕಿಂಡಿಯಿಂದ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾರೆ. 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿಯವರು ಬ್ರಿಟಿಷರ ವಿರುದ್ಧ ಸೆಟೆದು ನಿಂತರು. ನಮ್ಮ ಬೆಟ್ಟದ ತಾಯಿಯಂತೂ ಮಹಿಷಾಸುರಮರ್ದಿನಿಯೇ. ಇವರಿಗೆಲ್ಲ ನಾವು ಕೈಮುಗಿದೆವು. ‘ಹೆಣ್ಣಿಗೆ ಒಪ್ಪುವುದಿಲ್ಲ’ ಎಂದವರನ್ನು ನಾನು ಕಾಣೆ.

ಹಾಗಾದರೆ ವ್ಯತ್ಯಾಸವೆಲ್ಲಿ? ಓಬವ್ವ ಕೋಟೆಗಾಗಿ, ಚೆನ್ನಮ್ಮ ಸಂಸ್ಥಾನಕ್ಕಾಗಿ, ದೇವಿ ಸೋತ ದೇವತೆಗಳಿಗಾಗಿ ಆಯುಧ ಹಿಡಿದರು. ಹೆಣ್ಣು ಪರರಿಗಾಗಿ ಕೋಪಗೊಂಡರೆ ವೀರಗಲ್ಲು. ತನಗಾದ ಅನ್ಯಾಯಕ್ಕೆ ಕೋಪಗೊಂಡರೆ ಬಜಾರಿ! ಹಾಲಿವುಡ್‌ನಲ್ಲಿಯೂ 2003ರ ‘ಕಿಲ್ ಬಿಲ್’ ಬಂದಾಗ, ತನ್ನನ್ನು ಗುಂಡಿಟ್ಟು ಕೊಲ್ಲಲು ಹೊರಟವರ ಮೇಲೆ ಸೇಡು ತೀರಿಸಿಕೊಳ್ಳುವ ಆ ವಧುವನ್ನು ಕುರಿತು ವಿಮರ್ಶಕರು ಎರಡು ಪಾಲಾದರು. ಸ್ತ್ರೀಶಕ್ತಿಯ ಚಿತ್ರವೆಂದು ಕೆಲವರು ಹೊಗಳಿದರೆ, ಹಿಂಸೆಯ ಬರಿಯ ಶೃಂಗಾರವೆಂದು ಕೆಲವರು ಜರೆದರು.

ಹಾಗೆಂದು ಈ ಚಿತ್ರಗಳೆಲ್ಲ ನನಗೆ ಒಪ್ಪಿಗೆಯೆಂದು ತಿಳಿಯಬೇಡಿ. ನಿಜವಾದ ಕಿರಣ್ ಬೇಡಿಯವರು 1972ರಲ್ಲಿ ಐ.ಪಿ.ಎಸ್. ಸೇರಿದ ಪ್ರಥಮ ಮಹಿಳೆ. ಮುಂದೆ ತಿಹಾರ್ ಕಾರಾಗೃಹದಲ್ಲಿ ಕೈದಿಗಳಿಗೆ ಅಕ್ಷರ ಕಲಿಸುವ, ಧ್ಯಾನ ಹೇಳಿಕೊಡುವ ವ್ಯವಸ್ಥೆ ಮಾಡಿದರು. 1994ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಅರಸಿ ಬಂದಿತು. ಅಂಥವರ ಹೆಸರು ಹೊತ್ತ ಚಿತ್ರದಲ್ಲಿ ಹೊಡೆತದ ರೋಮಾಂಚನವೇ ಮೆರೆದಾಗ ಮನಸ್ಸಿಗೆ ಪಿಚ್ಚೆನಿಸುತ್ತದೆ. ಲಾಠಿ ಹಿಡಿದ ಕೈ ಗಂಡಿನದಾದರೂ ಹೆಣ್ಣಿನದಾದರೂ, ನ್ಯಾಯಾಲಯವನ್ನು ಬದಿಗೊತ್ತುವ ಶಿಕ್ಷೆಗೆ ಚಪ್ಪಾಳೆ ತಟ್ಟುವುದು ಅಪಾಯವೇ. ಆದರೆ ಆ ಟೀಕೆ ನಾಯಕರ ಚಿತ್ರಗಳಿಗೂ ಅಷ್ಟೇ ಖಾರವಾಗಿ ಅನ್ವಯಿಸಬೇಕು.

ಇಷ್ಟೇಕೆ ಬರೆದೆನೆಂದರೆ, ತೆರೆಯ ಮೇಲಿನ ಹೆಣ್ಣಿಗೆ ‘ಇದು ಒಪ್ಪುವುದಿಲ್ಲ’ ಎನ್ನುವ ನಾಲಗೆಯೇ ಮನೆಯ ಹೆಣ್ಣುಮಗುವಿಗೂ ಅದನ್ನೇ ಹೇಳುತ್ತದೆ. ಬಸ್ಸಿನಲ್ಲಿ ಯಾವನೋ ಕೀಟಲೆ ಮಾಡಿದನೆಂದು ಹೇಳಿಕೊಂಡು ಬಂದ ಮಗಳನ್ನು ‘ನೀನೇಕೆ ಕೂಗಾಡಿದೆ?’ ಎಂದು ಗದರಿಸುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಅವಳಿಗೆ ಪಿಸ್ತೂಲು ಬೇಡ. ಆದರೆ ಸಿಟ್ಟಾಗುವ ಹಕ್ಕು ಬೇಕು, ಆ ಸಿಟ್ಟಿಗೆ ಕಿವಿಗೊಡುವ ಮನೆಯೂ ಠಾಣೆಯೂ ಬೇಕು.

ನಿಮ್ಮಲ್ಲಿ ಅನೇಕರು ಈಗ ಹೆಣ್ಣುಮಕ್ಕಳ ತಂದೆತಾಯಿಗಳು. ನಿಮಗೇನೆನ್ನಿಸುತ್ತದೆ? ಬಿಡುವಾದಾಗ ನಾಲ್ಕು ಸಾಲು ಬರೆಯಿರಿ.