ಹಳೆಯ ಯಂತ್ರ, ಹೊಸ ಮಾರುಕಟ್ಟೆ, ತಕರಾರಿನ ಗಿರಾಕಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಸಣ್ಣ ಉದ್ಯಮಿಯೊಬ್ಬರು ದೀಪಾವಳಿಗೆ ಮುನ್ನ ತಮ್ಮ 8 ಅಡಿ ಬೆಡ್‌ನ ಹಳೆಯ ಲೇಥ್ ಯಂತ್ರವನ್ನು ಅಂತರಜಾಲದ ಮೂಲಕ ಮಾರಾಟಕ್ಕಿಟ್ಟರು. ಕಾರ್ಖಾನೆಗೆ ಸಿಎನ್‌ಸಿ ಯಂತ್ರ ಬಂದಿತ್ತು, ಅದಕ್ಕೆ ಸ್ಥಳ ಬೇಕಾಗಿತ್ತು. ಕಾರ್ಮಿಕರಿಗೆ ಬೋನಸ್ ಹಂಚುವ ದಿನವೂ ಸಮೀಪಿಸಿತ್ತು. ಜಾಹೀರಾತಿನಲ್ಲಿ ಆರು ಛಾಯಾಚಿತ್ರಗಳು, ‘ಸುಸ್ಥಿತಿಯಲ್ಲಿದೆ, ಚಾಲನೆಯಲ್ಲಿದೆ’ ಎಂಬ ಒಂದು ಸಾಲು, ಬೆಲೆ 3,40,000 ರೂಪಾಯಿ ಮತ್ತು ತೆರಿಗೆ. ಇಷ್ಟೇ ವಿವರ.

ಬೇರೆ ಜಿಲ್ಲೆಯ ಖರೀದಿದಾರರೊಬ್ಬರು ದೂರವಾಣಿಯಲ್ಲಿಯೇ ಒಪ್ಪಿ 25,000 ರೂಪಾಯಿ ಕಳುಹಿಸಿದರು. ಶನಿವಾರ ಸಂಜೆ ಲಾರಿಯೊಡನೆ ಬಂದರು. ಬಾಡಿಗೆಯ ಕ್ರೇನ್ ಅಂಗಳದಲ್ಲಿ ನಿಂತಿತ್ತು, 4,01,200 ರೂಪಾಯಿಯ ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಸಿದ್ಧವಾಗಿದ್ದವು. ಆಗ ಅವರೊಡನೆ ಬಂದ ಮೆಕ್ಯಾನಿಕ್ ಯಂತ್ರವನ್ನು ಚಾಲೂ ಮಾಡಿಸಿ, ಕಡಿಮೆ ವೇಗದಲ್ಲಿ ಹೆಡ್‌ಸ್ಟಾಕ್‌ನ ಗೇರ್ ಶಬ್ದ ಮಾಡುತ್ತಿದೆ ಎಂದನು. ಖರೀದಿದಾರರು 60,000 ರೂಪಾಯಿ ಇಳಿಸದಿದ್ದರೆ ಲಾರಿ ಖಾಲಿ ಹೋಗುವುದೆಂದರು. ಸೋಮವಾರ ಬೋನಸ್ ಕೊಡಬೇಕಾಗಿದ್ದ ಮಾಲೀಕರು 2,95,000 ರೂಪಾಯಿಗೆ ಒಪ್ಪಿಕೊಂಡರು. ಇನ್‌ವಾಯ್ಸ್ ಬದಲಾಯಿತು, ಇ-ವೇ ಬಿಲ್ ರದ್ದಾಗಿ ಹೊಸದಾಯಿತು. ಹನ್ನೆರಡನೆಯ ದಿನ ಮೊಬೈಲಿಗೆ ಸಂದೇಶ ಬಂದಿತು: ಮೋಟಾರು ಸುಟ್ಟಿದೆ, ಅರ್ಧ ಹಣ ಹಿಂದಿರುಗಿಸಿ, ಇಲ್ಲವಾದರೆ ಗ್ರಾಹಕ ನ್ಯಾಯಾಲಯ, ಜೊತೆಗೆ ಅಂತರಜಾಲದಲ್ಲಿ ನಿಮ್ಮ ಸಂಸ್ಥೆಯ ಹೆಸರಿಗೆ ಮಸಿ.

ಇಂತಹ ಪ್ರಸಂಗಗಳು ಈಗ ಅಪರೂಪವಲ್ಲ. ಜನರೇಟರ್, ಕಂಪ್ರೆಸರ್, ತೂಕದ ಯಂತ್ರ, ಕಚೇರಿಯ ಪೀಠೋಪಕರಣ, ಗಣಕಯಂತ್ರ ಎಲ್ಲವೂ ಇದೇ ಹಾದಿಯಲ್ಲಿ ಕೈ ಬದಲಾಯಿಸುತ್ತಿವೆ. ಉದ್ಯಮಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ ‘ಗಿರಾಕಿ ಸರಿಯಿಲ್ಲ’. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಗಿರಾಕಿಯ ತಕರಾರಿಗೆ ಬಾಗಿಲು ತೆರೆದುಕೊಟ್ಟವರು ಬಹುಪಾಲು ಮಾರಾಟಗಾರರೇ ಎಂಬುದು ಕಂಡುಬರುತ್ತದೆ.

ದನದ ಜಾತ್ರೆಯ ವ್ಯಾಪಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೊಳ್ಳುವವನು ಎತ್ತಿನ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರುತ್ತದೆ. ಪರೀಕ್ಷೆ ಮೊದಲು, ಬೆಲೆ ಆಮೇಲೆ. ಹಗ್ಗ ಕೈ ಬದಲಾಯಿಸಿದ ನಂತರ ತಕರಾರಿಗೆ ಎಡೆಯಿಲ್ಲ. ಅಂತರಜಾಲದ ವ್ಯಾಪಾರವು ಈ ಕ್ರಮವನ್ನೇ ತಿರುಗುಮುರುಗು ಮಾಡಿದೆ. ಚಿತ್ರ ನೋಡಿ ಬೆಲೆ ನಿಶ್ಚಯವಾಗುತ್ತದೆ, ಲಾರಿ ಬಂದ ಮೇಲೆ ಪರೀಕ್ಷೆ ನಡೆಯುತ್ತದೆ. ಹೀಗಿರುವಾಗ ಚೌಕಾಸಿ ಎರಡನೆಯ ಬಾರಿ ಆರಂಭವಾದರೆ ಆಶ್ಚರ್ಯಪಡಬೇಕಾದುದೇನು?

ಕಾನೂನಿನ ದೃಷ್ಟಿಯಿಂದ ಮೇಲಿನ ಪ್ರಸಂಗದಲ್ಲಿ ಯಾರು ಸರಿ? 1930ರ ಸರಕು ಮಾರಾಟ ಕಾಯಿದೆ ಹಳೆಯದಾದರೂ ಇಂತಹ ವ್ಯವಹಾರಕ್ಕೆ ಇಂದಿಗೂ ಅದೇ ಆಧಾರ. ಅದರ 16ನೇ ಕಲಮಿನ ಪ್ರಕಾರ, ಸರಕಿನ ಗುಣಮಟ್ಟದ ಬಗ್ಗೆ ಮಾರಾಟಗಾರನು ತಾನಾಗಿಯೇ ಹೊಣೆ ಹೊತ್ತಿದ್ದಾನೆಂದು ಸಾಮಾನ್ಯವಾಗಿ ಭಾವಿಸಲಾಗದು. ಆ ಬಗೆಯ ಸರಕನ್ನೇ ಮಾರುವುದು ಅವನ ವೃತ್ತಿಯಾಗಿದ್ದರೆ ಮಾತ್ರ ಅಪವಾದಗಳು ಅನ್ವಯಿಸುತ್ತವೆ. ಆಗಲೂ ಖರೀದಿದಾರನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಗೋಚರಿಸಬೇಕಾಗಿದ್ದ ದೋಷವನ್ನು ಮುಂದೊಡ್ಡಿ ಅದು ಮಾರಾಟಯೋಗ್ಯವಾಗಿರಲಿಲ್ಲ ಎನ್ನುವಂತಿಲ್ಲ. ಬಿಡಿಭಾಗ ತಯಾರಿಸುವ ಘಟಕವೊಂದು ತನ್ನ ಹಳೆಯ ಲೇಥ್ ಮಾರಿದ ಮಾತ್ರಕ್ಕೆ ಲೇಥ್ ವ್ಯಾಪಾರಿಯಾಗುವುದಿಲ್ಲ. ಅಲ್ಲದೆ, ಖರೀದಿದಾರರ ಮೆಕ್ಯಾನಿಕ್ ಯಂತ್ರವನ್ನು ಓಡಿಸಿ ನೋಡಿದ್ದನು, ಶಬ್ದಕ್ಕೆ ಬೆಲೆಯೂ ಇಳಿದಿತ್ತು. ಆದ್ದರಿಂದ ಗೇರಿನ ಪ್ರಶ್ನೆ ಅಂದೇ ಇತ್ಯರ್ಥವಾಯಿತು.

ಆದರೆ ಅದೇ ಕಾಯಿದೆಯ 15ನೇ ಕಲಮು, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಿಕೆಯಾಗಿರಲೇಬೇಕೆಂದು ವಿಧಿಸುತ್ತದೆ. ‘ಸುಸ್ಥಿತಿಯಲ್ಲಿದೆ’ ಎಂಬ ಒಂದು ಪದ ಇಲ್ಲಿ ಮಾರಾಟಗಾರರಿಗೇ ಮುಳುವಾಗಬಹುದು. ಆ ಲೇಥಿನ ಮೇಲೆ ವರ್ಷಗಟ್ಟಲೆ ದುಡಿದ ಟರ್ನರ್‌ಗೆ ಗೇರಿನ ಶಬ್ದ ಗೊತ್ತಿತ್ತು, ಮೋಟಾರು ಹಿಂದೊಮ್ಮೆ ರಿವೈಂಡಿಂಗ್ ಆಗಿದ್ದುದೂ ಗೊತ್ತಿತ್ತು. ಜಾಹೀರಾತು ಬರೆದ ಕಚೇರಿಯ ಹುಡುಗನಿಗೆ ಗೊತ್ತಿರಲಿಲ್ಲ, ಅವನು ಕೇಳಲೂ ಇಲ್ಲ. ಹಳೆಯ ಯಂತ್ರವನ್ನು ಮಾರುವವರು ಮೊದಲು ಕೇಳಬೇಕಾದುದು ಅದನ್ನು ಓಡಿಸಿದವನನ್ನೇ. ಅವನು ಹೇಳಿದ ದೋಷಗಳನ್ನು ಇದ್ದುದಿದ್ದಂತೆ ಬರೆದು, ‘ಇರುವ ಸ್ಥಿತಿಯಲ್ಲಿಯೇ ಮಾರಾಟ’ ಎಂಬ ಷರತ್ತನ್ನು ಇನ್‌ವಾಯ್ಸಿನ ಮೇಲೆ ಮಾತ್ರವಲ್ಲ, ಮುಂಗಡ ಪಡೆಯುವ ಮುನ್ನವೇ ಸಂದೇಶದಲ್ಲಿ ಕಳುಹಿಸಿ ಒಪ್ಪಿಗೆ ಪಡೆಯಬೇಕು. ಕಾನೂನು ಸೂಚಿಸುವ ಹೊಣೆಗಳನ್ನು ಉಭಯತರು ಸ್ಪಷ್ಟ ಕರಾರಿನಿಂದ ಬದಲಾಯಿಸಿಕೊಳ್ಳಲು 62ನೇ ಕಲಮು ಅವಕಾಶ ನೀಡಿದೆ. ಸರಕು ಹೊರಟ ನಂತರ ಇನ್‌ವಾಯ್ಸಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿದ್ದು ಕರಾರಲ್ಲ, ಬರೀ ಸಮಾಧಾನ.

ಗ್ರಾಹಕ ನ್ಯಾಯಾಲಯದ ಬೆದರಿಕೆಗೆ ಹೆದರಿ ಹಣ ಹಿಂದಿರುಗಿಸಿದವರು ಅನೇಕರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನು ‘ಗ್ರಾಹಕ’ನಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವನಿಗೆ ಮಾತ್ರ ಇದರಿಂದ ವಿನಾಯಿತಿ. ಹತ್ತು ಜನ ಕೆಲಸ ಮಾಡುವ ಕಾರ್ಖಾನೆಗೆ ಲೇಥ್ ಕೊಂಡವರು ಆ ವೇದಿಕೆಗೆ ಹೋಗುವುದು ಕಷ್ಟ. ಒಬ್ಬನೇ ದುಡಿಯುವ ಟರ್ನರ್ ಕೊಂಡಿದ್ದರೆ ಮಾತು ಬೇರೆ. ಹಳೆಯ ಸರಕನ್ನು ಕೊಂಡು ಮಾರುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಮಾತ್ರ ಎಚ್ಚರದಿಂದಿರಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಅಂತರಜಾಲದ ಮಾರುಕಟ್ಟೆಯಲ್ಲಿ ಮಾರುವವರು ದೋಷಪೂರಿತವಾದ ಅಥವಾ ಜಾಹೀರಾತಿಗೆ ಹೊಂದದ ಸರಕನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಮನೆಯ ಹಳೆಯ ಸೋಫಾವನ್ನು ಒಮ್ಮೆ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ.

ಇನ್ನೊಂದು ಬಗೆಯ ಖರೀದಿದಾರರಿದ್ದಾರೆ. ಮುಂಗಡ ಕೊಡುತ್ತಾರೆ, ‘ನಾಳೆ ಬರುತ್ತೇನೆ’ ಎನ್ನುತ್ತಾರೆ, ತಿಂಗಳಾದರೂ ಬರುವುದಿಲ್ಲ. ಅಷ್ಟರಲ್ಲಿ ಬೇರೆ ಗಿರಾಕಿಗಳು ಕೈತಪ್ಪುತ್ತಾರೆ. ಇಲ್ಲಿ ನಮ್ಮ ಹಿರಿಯರ ಶಬ್ದವೊಂದು ಉಪಯೋಗಕ್ಕೆ ಬರುತ್ತದೆ. ಮುಂಗಡ ಬೇರೆ, ಸಂಚಕಾರ ಬೇರೆ. ಬೆಲೆಯ ಒಂದು ಭಾಗವಾಗಿ ಕೊಟ್ಟದ್ದು ಮುಂಗಡ, ಮಾತಿಗೆ ತಪ್ಪುವುದಿಲ್ಲವೆಂಬ ಭರವಸೆಗೆ ಕೊಟ್ಟದ್ದು ಸಂಚಕಾರ. ಖರೀದಿದಾರನು ಹಿಂಜರಿದಾಗ ಮುಟ್ಟುಗೋಲು ಹಾಕಿಕೊಳ್ಳಬಹುದಾದದ್ದು ಸಂಚಕಾರವನ್ನೇ ಹೊರತು ಬೆಲೆಯ ಭಾಗವನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಹಣ ಪಡೆದಾಗ ಅದು ಯಾವುದೆಂದು ಬರೆದಿರಬೇಕು, ಮೊತ್ತವೂ ನ್ಯಾಯಸಮ್ಮತವಾಗಿರಬೇಕು. ಬಾರದ ಖರೀದಿದಾರನಿಗೆ ದಿನಾಂಕ ಸಹಿತ ನೋಟಿಸು ನೀಡಿ, ಯುಕ್ತ ಅವಧಿ ಕಳೆದ ಮೇಲೆ ಬೇರೆಯವರಿಗೆ ಮಾರಿ, ಕಡಿಮೆ ಬಿದ್ದ ಮೊತ್ತವನ್ನು ಅವನಿಂದ ಕೇಳಲು 54ನೇ ಕಲಮು ಹಕ್ಕು ನೀಡುತ್ತದೆ. ನೋಟಿಸು ನೀಡದೆ ಮಾರಿದರೆ ನಷ್ಟವನ್ನು ಕೇಳುವಂತಿಲ್ಲ, ಲಾಭ ಬಂದರೆ ಅದೂ ಖರೀದಿದಾರನಿಗೆ ಸೇರಬೇಕಾಗುತ್ತದೆ. ಸಿಟ್ಟಿನಲ್ಲಿ ಮಾರಿಬಿಡುವವರು ಇದನ್ನು ಗಮನಿಸುವುದಿಲ್ಲ.

ಹಣ ಪಾವತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಣ ಸಂದಾಯವಾಗಿದೆಯೆಂದು ತೋರಿಸುವ ಮೊಬೈಲ್ ಚಿತ್ರವನ್ನು ನಂಬಿ ಸರಕು ಬಿಡಬಾರದು, ಖಾತೆಯ ಶಿಲ್ಕನ್ನೇ ನೋಡಬೇಕು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿರೆಂದು ಹೇಳುವವನು ಖರೀದಿದಾರನೇ ಅಲ್ಲ. ಮೋಸ ಹೋದವರು ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬೇಕು. (ಸರಕು ಮಾರಾಟ ಕಾಯಿದೆಯ ವರ್ಷವೂ ಅದೇ ಸಂಖ್ಯೆಯಾಗಿರುವುದರಿಂದ ನೆನಪಿಡುವುದು ಸುಲಭ.) ‘ಬಿಲ್ ಬೇಡ, ನಗದು ಕೊಡುತ್ತೇನೆ’ ಎನ್ನುವ ಗಿರಾಕಿಯೂ ಕಷ್ಟದ ಗಿರಾಕಿಯೇ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡವನ್ನು ತೆರಬೇಕಾದವನು ಕೊಟ್ಟವನಲ್ಲ, ಪಡೆದವನು.

ವಾಹನ ಮಾರುವವರಿಗೆ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಹಣ ಕೊಟ್ಟು ವಾಹನ ಒಯ್ದು, ನೋಂದಣಿ ಬದಲಾಯಿಸದೆ ಓಡಿಸುವ ಖರೀದಿದಾರನೇ ಅಲ್ಲಿ ಅತ್ಯಂತ ಕಷ್ಟದವನು. ನೋಂದಣಿಯಲ್ಲಿ ಹೆಸರು ಇರುವವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸುವ ಕರ್ತವ್ಯ ಮಾರಿದವರದೂ ಹೌದು.

ಮತ್ತೆ ಲೇಥಿನ ವಿಷಯಕ್ಕೆ. ಹನ್ನೆರಡು ದಿನ ಯಂತ್ರವನ್ನು ಓಡಿಸಿದ ಖರೀದಿದಾರರು ಅದನ್ನು ಅಂಗೀಕರಿಸಿದಂತೆಯೇ. ಮಾಲೀಕರು ನಿರಾಕರಿಸಿ ಸುಮ್ಮನಿದ್ದರೂ ಕಾನೂನು ಬಹುಮಟ್ಟಿಗೆ ಅವರ ಪರವಾಗಿಯೇ ಇತ್ತು. ಆದರೆ ರಿವೈಂಡಿಂಗ್ ಆದ ಮೋಟಾರಿನ ವಿಷಯವನ್ನು ಅವರ ಕಡೆಯಿಂದ ಯಾರೂ ಹೇಳಿರಲಿಲ್ಲ. ಅವರು ಅರ್ಧ ಹಣವನ್ನು ಕೊಡಲಿಲ್ಲ. ಮೋಟಾರು ದುರಸ್ತಿಯ ರಸೀದಿಯನ್ನು ತರಿಸಿಕೊಂಡು, ಬೆಲೆಯಲ್ಲಿ 15,000 ರೂಪಾಯಿ ಕಡಿತಕ್ಕೆ ಒಪ್ಪಿ, ಅದರ ಮೇಲಿನ 2,700 ರೂಪಾಯಿ ತೆರಿಗೆಯೂ ಸೇರಿದಂತೆ 17,700 ರೂಪಾಯಿಗೆ ಕ್ರೆಡಿಟ್ ನೋಟ್ ನೀಡಿದರು. ಖರೀದಿದಾರರು ಅಷ್ಟು ಇನ್‌ಪುಟ್ ತೆರಿಗೆ ಜಮೆಯನ್ನು ಹಿಂತಿರುಗಿಸಿ, ಮುಂದೆ ಯಾವ ಬೇಡಿಕೆಯೂ ಇಲ್ಲವೆಂದು ಬರೆದುಕೊಟ್ಟರು. ಕೈಯಿಂದ ನಗದು ಕೊಟ್ಟು ಬಾಯಿ ಮುಚ್ಚಿಸುವ ರೂಢಿಗಿಂತ ಇದು ಮೇಲು. ಕೊಟ್ಟದ್ದು ಲೆಕ್ಕಕ್ಕೆ ಸಿಗುತ್ತದೆ, ತಕರಾರು ಪುನಃ ಚಿಗುರುವುದಿಲ್ಲ. ವಕೀಲರ ಶುಲ್ಕ ಹಾಗೂ ಅಲೆದಾಟವನ್ನು ಗಣಿಸಿದರೆ 15,000 ರೂಪಾಯಿ ದುಬಾರಿಯಲ್ಲ. ದುಬಾರಿಯಾದದ್ದು ಶನಿವಾರ ಸಂಜೆಯ 45,000 ರೂಪಾಯಿ. ಆ ದಿನ ಸೋತದ್ದು ಗೇರಿಗಲ್ಲ, ಸೋಮವಾರಕ್ಕೆ. ತುರ್ತು ಹಣಕ್ಕೆ ಹಳೆಯ ಯಂತ್ರದ ಮಾರಾಟವನ್ನೇ ನಂಬಿದವರ ಮುಖ ನೋಡಿದೊಡನೆ ಅನುಭವಸ್ಥ ಗಿರಾಕಿಗೆ ತಿಳಿದುಬಿಡುತ್ತದೆ.

ವಾಣಿಜ್ಯ ಸಂಸ್ಥೆಗಳು ಈ ಬಗ್ಗೆ ಒಂದು ಪುಟದ ಮಾದರಿ ಕರಾರುಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು ಸೂಕ್ತ. ಯಂತ್ರದ ತಯಾರಿಕೆಯ ವರ್ಷ, ತಿಳಿದ ದೋಷಗಳು, ಪರೀಕ್ಷೆಯ ದಿನಾಂಕ, ಸಂಚಕಾರದ ಮೊತ್ತ, ಕ್ರೇನ್ ಮತ್ತು ಸಾಗಣೆಯ ವೆಚ್ಚ ಯಾರದೆಂಬುದು, ಇಷ್ಟಿದ್ದರೆ ಸಾಕು. ಸಣ್ಣ ತಕರಾರುಗಳನ್ನು ಇತ್ಯರ್ಥಪಡಿಸಲು ಇಬ್ಬರು ಹಿರಿಯ ಸದಸ್ಯರು ತಿಂಗಳಿಗೊಂದು ಮಧ್ಯಾಹ್ನ ಕುಳಿತರೆ ಇನ್ನೂ ಒಳ್ಳೆಯದು.

ಗೋಕುಲ ರಸ್ತೆಯ ಉದ್ಯಮಿಗಳು ನಂತರ ತಮ್ಮ ಹಳೆಯ ಡ್ರಿಲ್ಲಿಂಗ್ ಯಂತ್ರವನ್ನೂ ಮಾರಿದರು. ಈ ಬಾರಿ ಜಾಹೀರಾತನ್ನು ಟರ್ನರ್‌ನ ಬಾಯಿಂದ ಕೇಳಿ ಬರೆಸಿದರು: ಸ್ಪಿಂಡಲ್ ಬೇರಿಂಗ್ ಸವೆದಿದೆ, ಬೆಲ್ಟ್ ಹೊಸದು, ಟೇಬಲ್ಲಿನ ಒಂದು ಮೂಲೆ ಒಡೆದಿದೆ, ಪರೀಕ್ಷಿಸಿದ ನಂತರವೇ ಬೆಲೆಯ ಮಾತು. ಮಾರಾಟಕ್ಕೆ ನಾಲ್ಕು ತಿಂಗಳು ಹಿಡಿಯಿತು, ನಿರೀಕ್ಷಿಸಿದ್ದಕ್ಕಿಂತ 8,000 ರೂಪಾಯಿ ಕಡಿಮೆಯೂ ಬಂದಿತು. ಕೊಂಡವರಿಂದ ಮರಳಿ ಒಂದೇ ಒಂದು ಕರೆ ಬಂದಿದೆ, ಬೇರಿಂಗ್ ಎಲ್ಲಿ ಸಿಗುತ್ತದೆಂದು ಕೇಳಲು.