ಚಿತ್ರ ತಿದ್ದುವ ಕಂಪ್ಯೂಟರು: ಹಣ ಎಲ್ಲಿಗೆ ಸಲ್ಲಬೇಕು?

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ದಿನವಿಡೀ ದುಡಿದು, ಉಳಿದ ವೇಳೆಯಲ್ಲಿ ಕ್ಯಾಮೆರಾ ಹಿಡಿಯುವ ತರುಣರು ನಮ್ಮ ಸಮಾಜದಲ್ಲಿ ಇಂದು ವಿರಳರಲ್ಲ. ಸಂಘದ ವಾರ್ಷಿಕೋತ್ಸವ, ಯಕ್ಷಗಾನ, ಮದುವೆ, ನಾಮಕರಣ ಎಲ್ಲವನ್ನೂ ಇವರು ಸೆರೆಹಿಡಿಯುತ್ತಾರೆ. ಕೆಲವರಿಗೆ ಇದು ಹವ್ಯಾಸ. ಕೆಲವರಿಗೆ ಸಂಬಳದ ಜೊತೆಗೆ ನಾಲ್ಕು ಕಾಸು ತರುವ ಉಪವೃತ್ತಿ. ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಮನೆಯಲ್ಲಿ ಚಿತ್ರಗಳನ್ನು ತಿದ್ದಲು ಎಂತಹ ಕಂಪ್ಯೂಟರನ್ನು ಕೊಳ್ಳಬೇಕು? ಊರಿಗೆ ಕಳುಹಿಸಿ ಉಳಿದುದರಲ್ಲಿ ಕೂಡಿಟ್ಟ ಹಣ ಇದಕ್ಕೆ ಸಲ್ಲುವುದರಿಂದ, ಈ ಪ್ರಶ್ನೆ ಸಣ್ಣದೆಂದು ನಾವು ಭಾವಿಸುವುದಿಲ್ಲ.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಇಲ್ಲೆಲ್ಲ ಎಲ್ಲ ಬಗೆಯ ಯಂತ್ರಗಳೂ ದೊರೆಯುತ್ತವೆ. ಆದರೆ ಏನು ಬೇಕೆಂದು ತಿಳಿಯದೆ ಹೋದವನ ಕಣ್ಣು ಮೊದಲು ಬೀಳುವುದು ಬಣ್ಣಬಣ್ಣದ ದೀಪ ಮಿನುಗುವ, ಆಟಕ್ಕೆಂದು ಮಾಡಿದ ದುಬಾರಿ ಯಂತ್ರದ ಮೇಲೆ. ಹೊಸದಾಗಿ ಹೋಟೆಲು ತೆರೆಯುವವನು ರುಬ್ಬುವ ಯಂತ್ರಕ್ಕೂ ದೋಸೆಯ ಕಲ್ಲಿಗೂ ಮೊದಲು ಹಣ ತೆಗೆದಿಡುತ್ತಾನೆ. ಹೊರಗಿನ ಹಲಗೆಯ ದೀಪ ಆಮೇಲಿನದು. ಕಂಪ್ಯೂಟರಿಗೂ ಇದೇ ನ್ಯಾಯ. ಹಣವು ಮೊದಲು ಪರದೆಗೆ, ಬಳಿಕ ಮೆಮೊರಿಗೆ, ಅನಂತರ ಚಿತ್ರಗಳ ಎರಡನೆಯ ಪ್ರತಿಗೆ ಸಲ್ಲಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೊದಲು ಪರದೆಯ ವಿಚಾರ. ಪರದೆ ಸುಳ್ಳು ತೋರಿದರೆ ತಿದ್ದುವ ಕೈ ತಪ್ಪದೆ ಇರದು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯನ್ನೇ ಇಂದಿಗೂ ಹೆಚ್ಚಿನ ಪರದೆಗಳೂ ಫೋಟೋ ಅಚ್ಚುಹಾಕುವ ಅಂಗಡಿಗಳೂ ಅನುಸರಿಸುತ್ತವೆ. ಅಗ್ಗದ ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ, ಆ ಪರದೆಯು ಈ ಅಳತೆಯ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ಪೂರ್ತಿ ತೋರಲಾರದು. ಮದುಮಗಳ ಸೀರೆಯ ಕೆಂಪು, ವೇಷಧಾರಿಯ ಮುಖವರ್ಣಿಕೆ ಅಲ್ಲಿ ಮಂಕಾಗಿ ಕಾಣುತ್ತವೆ. ತಿದ್ದುವವನು ಬಣ್ಣ ಸಾಲದೆಂದು ಏರಿಸುತ್ತಾನೆ. ಆಲ್ಬಮು ಅಚ್ಚಾಗಿ ಬಂದಾಗ ಮನೆಮಂದಿಯ ಮುಖಕ್ಕೆಲ್ಲ ಕುಂಕುಮ ಬಳಿದಂತಾಗಿರುತ್ತದೆ. ಆದುದರಿಂದ ಐಪಿಎಸ್ ಬಗೆಯ, ಎಸ್‌ಆರ್‌ಜಿಬಿಯ ಹೆಚ್ಚುಕಡಮೆ ನೂರಕ್ಕೆ ನೂರು ಪಾಲನ್ನು ತೋರುವ ಪರದೆಯನ್ನೇ ಕೇಳಿ ಕೊಳ್ಳತಕ್ಕದ್ದು. ಐಪಿಎಸ್ ಪರದೆಯಾದರೆ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದು.

ಒಳ್ಳೆಯ ಪರದೆಯನ್ನು ಕೊಂಡವರೂ ಅದರ ಹೊಳಪನ್ನು ಪೂರ್ತಿ ಏರಿಸಿಟ್ಟು ಕೆಲಸ ಮಾಡುವುದುಂಟು. ಹಾಗೆ ತಿದ್ದಿದ ಚಿತ್ರ ಕಾಗದದ ಮೇಲೆ ಕಪ್ಪಾಗಿ ಬರುತ್ತದೆ. ದೂರು ಮಾತ್ರ ಅಚ್ಚಿನವನ ಮೇಲೆ ಬೀಳುತ್ತದೆ. ಪರದೆಯ ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನು ಹಿಡಿದು, ಎರಡರ ಬಿಳುಪೂ ಹೊಂದುವಷ್ಟು ಹೊಳಪನ್ನು ಇಳಿಸಿಕೊಳ್ಳುವುದು ಕಾಸು ಖರ್ಚಿಲ್ಲದ ಉಪಾಯ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಯಾಗಿಸುವ ಸೌಕರ್ಯವನ್ನೂ ತಿದ್ದುವಾಗ ಆರಿಸಿಡಬೇಕು.

ಇನ್ನು ಮೆಮೊರಿ, ಅಂದರೆ ರ‍್ಯಾಮ್. ಡಿಸ್ಕು ಉಗ್ರಾಣವಾದರೆ ರ‍್ಯಾಮ್ ಅಡುಗೆಯ ಕಟ್ಟೆ. ಕಟ್ಟೆ ಕಿರಿದಾದರೆ ಭಟ್ಟರು ಎಷ್ಟು ಚುರುಕಾಗಿದ್ದರೇನು, ಪಾತ್ರೆಗಳನ್ನು ಉಗ್ರಾಣಕ್ಕೆ ಒಯ್ಯುವುದು, ಮರಳಿ ತರುವುದು, ಇದರಲ್ಲೇ ಹೊತ್ತು ಕಳೆಯುತ್ತದೆ. 2 ಕೋಟಿ 40 ಲಕ್ಷ ಪಿಕ್ಸೆಲ್‌ಗಳ ಒಂದು ಚಿತ್ರವನ್ನು ಉತ್ತಮ ದರ್ಜೆಯಲ್ಲಿ ತೆರೆದರೆ, ಪಿಕ್ಸೆಲ್ಲಿಗೆ ಮೂರು ಬಣ್ಣ, ಬಣ್ಣಕ್ಕೆ 2 ಬೈಟುಗಳಂತೆ, ಅದೊಂದಕ್ಕೇ 144 ಎಂಬಿ ಬೇಕು. ಐದು ಪದರಗಳಾದರೆ 720 ಎಂಬಿ. ಕಂಪ್ಯೂಟರಿನ ಸ್ವಂತ ಕೆಲಸಗಳಿಗೆ ಬೇಕಾದುದು ಬೇರೆ. 8 ಜಿಬಿಯಲ್ಲಿ ಕೆಲಸ ಆಗದೆಂದಲ್ಲ, ತೆವಳುತ್ತದೆ. 16 ಜಿಬಿ ಇದ್ದರೆ ಸಾಮಾನ್ಯ ಕೆಲಸ ಸಲೀಸಾಗಿ ಸಾಗುತ್ತದೆ. 2025ರ ಅಂತ್ಯದಲ್ಲಿ ರ‍್ಯಾಮಿನ ಬೆಲೆ ತೀವ್ರವಾಗಿ ಏರಿದ್ದುಂಟು. ಹಣ ಸಾಲದಿದ್ದರೆ ಮುಂದೆ ಹೆಚ್ಚಿಸಿಕೊಳ್ಳಲು ಜಾಗವಿರುವ ಯಂತ್ರವನ್ನು ಆರಿಸುವುದು ಜಾಣತನ. ತೆಳ್ಳಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಹಲಗೆಗೆ ಬೆಸೆದಿರುತ್ತಾರೆ. ಅಲ್ಲಿ ಮುಂದೆ ಏನೂ ಮಾಡಲಾಗದು.

ಇನ್ನುಳಿದ ಭಾಗಗಳ ವಿಷಯ ಸಂಕ್ಷಿಪ್ತ. ಯಂತ್ರವು ತೆರೆಯುವ ಡಿಸ್ಕು ಎಸ್‌ಎಸ್‌ಡಿ ಆಗಿರಲಿ, 512 ಜಿಬಿಯಾದರೆ ಆರಂಭಕ್ಕೆ ಸಾಕು. ಇತ್ತೀಚಿನ ಮಧ್ಯಮ ದರ್ಜೆಯ ಪ್ರೊಸೆಸರು ಸಾಲುತ್ತದೆ. ಸ್ಥಿರಚಿತ್ರಗಳ ಸಾಮಾನ್ಯ ತಿದ್ದುಪಡಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಅಗತ್ಯವಿಲ್ಲ. ಕೃತಕ ಬುದ್ಧಿಮತ್ತೆಯಿಂದ ಚಿತ್ರದ ಕಾಳು ತೆಗೆಯುವಂತಹ ಕೆಲಸ ಅದಿಲ್ಲದೆ ನಿಧಾನವಾಗುವುದು ನಿಜ. ಆದರೆ ಹತ್ತಾರು ನಿಮಿಷ ಕಾಯುವ ವ್ಯವಧಾನವುಳ್ಳವನು ಬಹಳ ಹಣ ಉಳಿಸಬಲ್ಲ. ಹೋಟೆಲಿನ ಕೋಣೆಯಲ್ಲಿ ಹತ್ತು ಜನರೊಡನೆ ಮಲಗುವವನಿಗೆ ಲ್ಯಾಪ್‌ಟಾಪೇ ಗತಿ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಒಂದೇ ಕೋಣೆಯಾದರೂ ಸ್ವಂತ ಬಿಡಾರವಿರುವ ಸಂಸಾರಸ್ಥರಿಗೆ ಮೇಜಿನ ಕಂಪ್ಯೂಟರೇ ಲೇಸು: ಅದೇ ಹಣಕ್ಕೆ ದೊಡ್ಡ ಪರದೆ, ಸುಲಭ ರಿಪೇರಿ.

ಕಚೇರಿಗಳಿಂದ ಬಿಡುಗಡೆಯಾದ ಹಳೆಯ ಯಂತ್ರಗಳನ್ನು ಕೊಳ್ಳುವುದು ತಪ್ಪಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುಪಾಲು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಪೀಳಿಗೆ ಯಾವುದೆಂದು ಕೇಳದೆ ಹಣ ಎಣಿಸಬಾರದು.

ತಂತ್ರಾಂಶಕ್ಕೆ ಬರೋಣ. 1990ರಲ್ಲಿ ಹೊರಬಂದ ಫೋಟೋಶಾಪ್ ಪ್ರಸಿದ್ಧವೇ ಸರಿ. ಆದರೆ 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳು ಚಂದಾ ಕಟ್ಟುವವರಿಗೆ ಮಾತ್ರ. ತಿಂಗಳು ತಿಂಗಳೂ ಕಟ್ಟಲಾರದವರು ಕದ್ದ ಪ್ರತಿಗೆ ಕೈಹಾಕಿ, ಅದರೊಡನೆ ವೈರಸ್ಸನ್ನೂ ಮನೆಗೆ ತರುವುದುಂಟು. 1996ರಿಂದ ಉಚಿತವಾಗಿ ದೊರೆಯುವ ಗಿಂಪ್ ಇರುವಾಗ ಈ ಅಪಾಯವೇಕೆ? ಕ್ಯಾಮೆರಾದ ರಾ ಕಡತಗಳಿಗೆ ಡಾರ್ಕ್‌ಟೇಬಲ್ ಇದೆ, ಅದೂ ಉಚಿತ. ಆಮಂತ್ರಣ ಪತ್ರಿಕೆಗೆ ಕನ್ನಡ ಅಕ್ಷರ ಸೇರಿಸುವವರು ಇನ್ನೊಂದನ್ನು ಗಮನಿಸಬೇಕು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ತೆರೆಯದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆದುಹೋಗುತ್ತವೆ. ಗಿಂಪಿನಲ್ಲಿ ಸರಿಯಾಗಿಯೇ ಮೂಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಎರಡನೆಯ ಪ್ರತಿ. ಡಿಸ್ಕು ಎಂದಾದರೊಂದು ದಿನ ಕೆಡುವುದು ಖಂಡಿತ. ಯಾವ ದಿನವೆಂಬುದೇ ತಿಳಿಯದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ನಿಯಮವೊಂದಿದೆ: ಪ್ರತಿಗಳು ಮೂರು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆಯ ಸ್ಥಳದಲ್ಲಿ. ಬೇರೆ ಸ್ಥಳ ಏಕೆ ಎಂಬುದನ್ನು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದಾಗ ನೀರು ಹೊಕ್ಕ ಮನೆಗಳಲ್ಲಿ ಮೇಜೂ ಕಪಾಟೂ ಒಟ್ಟಿಗೇ ಮುಳುಗಿದವು. ಊರಿನಲ್ಲಿ ಮನೆಯುಳ್ಳ ನಮ್ಮವರಿಗೆ ಬೇರೆಯ ಸ್ಥಳಕ್ಕೆ ಬರವಿಲ್ಲ. ಇಲ್ಲಿ ಒಂದು ಡಿಸ್ಕು. ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಒಯ್ದು ಅಮ್ಮನ ಕಪಾಟಿನಲ್ಲಿಡುವ ಇನ್ನೊಂದು ಡಿಸ್ಕು. ಹಳ್ಳಿಯ ಮನೆಗೆ ಮಗನ ಮದುವೆಯ ಚಿತ್ರಗಳೂ ಬಂದಂತಾಯಿತು. ಮತ್ತೊಂದು ಮಾತು: ವಾಟ್ಸಾಪಿನಲ್ಲಿ ಚಿತ್ರವಾಗಿಯೇ ಕಳುಹಿಸಿದುದು ಕುಗ್ಗಿರುತ್ತದೆ. ಅದನ್ನು ಮೂಲ ಪ್ರತಿಯೆಂದು ನಂಬಬಾರದು. ಕಡತವಾಗಿ ಕಳುಹಿಸಿದರೆ ಕುಗ್ಗದು.

ಕಂತಿನ ಬಗ್ಗೆ ಎಚ್ಚರಿಕೆ ಹೇಳದಿದ್ದರೆ ನಮ್ಮ ಕರ್ತವ್ಯ ಪೂರ್ತಿಯಾಗದು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂಬ ಅರ್ಥದ ಎಚ್ಚರಿಕೆಯನ್ನು ರಿಜರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ನೀಡಿತ್ತು. ಆದುದರಿಂದ ನಗದು ಬೆಲೆಯೆಷ್ಟು, ಶುಲ್ಕಗಳೆಲ್ಲ ಸೇರಿ ಕಂತಿನ ಒಟ್ಟು ಮೊತ್ತವೆಷ್ಟು, ಇವೆರಡನ್ನೂ ಬರೆದು ಹೋಲಿಸತಕ್ಕದ್ದು. ವರ್ಷಕ್ಕೆ ಎರಡು ಮದುವೆಯ ಚಿತ್ರ ತೆಗೆಯುವವನು ಇಪ್ಪತ್ತನಾಲ್ಕು ತಿಂಗಳ ಕಂತಿಗೆ ಕೊರಳೊಡ್ಡುವುದನ್ನು ನಾವು ಎಂದಿಗೂ ಅನುಮೋದಿಸಲಾರೆವು. ಕೇವಲ ಫೋನಿನಲ್ಲಿ ತೆಗೆದು ಬಂಧುಗಳಿಗೆ ಕಳುಹಿಸುವವನಿಗಂತೂ ಕಂಪ್ಯೂಟರೇ ಬೇಕಿಲ್ಲ. ಒಂದು ಹೊರ ಡಿಸ್ಕು ಸಾಕು.

ಕೊನೆಯದಾಗಿ ನಮ್ಮ ಸಂಘಸಂಸ್ಥೆಗಳಲ್ಲೊಂದು ವಿಜ್ಞಾಪನೆ. ಬಣ್ಣ ಸರಿಪಡಿಸುವ ಮಾಪಕವನ್ನಾಗಲಿ ಉತ್ತಮ ಸ್ಕ್ಯಾನರನ್ನಾಗಲಿ ಪ್ರತಿಯೊಬ್ಬ ನೌಕರನೂ ಕೊಳ್ಳಲಾರ, ಕೊಳ್ಳಬೇಕಾಗಿಯೂ ಇಲ್ಲ. ಸಂಘದ ಕಚೇರಿಯಲ್ಲಿ ಒಂದು ಒಳ್ಳೆಯ ಪರದೆ, ಒಂದು ಮಾಪಕ, ಒಂದು ಸ್ಕ್ಯಾನರು ಇದ್ದರೆ ನೂರು ಮನೆಗಳಿಗೆ ಒದಗುತ್ತದೆ. ಟ್ರಂಕುಗಳ ತಳದಲ್ಲಿ ಹಿರಿಯರ ಕಪ್ಪುಬಿಳುಪು ಚಿತ್ರಗಳು ಕೊಳೆಯುತ್ತಿವೆ: ಬರಿಗೈಯಲ್ಲಿ ಊರು ಬಿಟ್ಟವರು, ಮೊದಲ ಹೋಟೆಲಿನ ಮುಂದೆ ನಿಂತ ಮಾಣಿಗಳು, ರಾತ್ರಿ ಶಾಲೆಯ ತರಗತಿಗಳು. 4 ಇಂಚಿಗೆ 6 ಇಂಚಿನ ಒಂದು ಚಿತ್ರವನ್ನು ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 86 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳ ಪ್ರತಿ ಸಿದ್ಧವಾಗುತ್ತದೆ. ಚಿತ್ರದಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ವಾರ್ಷಿಕೋತ್ಸವದ ಮಂಟಪದ ಖರ್ಚಿನಲ್ಲಿ ಒಂದಂಶವನ್ನು ಈ ಕೆಲಸಕ್ಕೆ ತೆಗೆದಿಡುವಂತೆ ಸಂಘಗಳ ಪದಾಧಿಕಾರಿಗಳನ್ನು ನಾವು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.