ಕುಡಿದ ಮೇಲೆ ಎಲ್ಲಿಗೆ ಹೋಗೋಣ?

ಯಾವ ಪಾನೀಯ ಕುಡಿದರೆ ಮೈಯಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ? ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. 72 ಮಂದಿಯನ್ನು ಬರಿಹೊಟ್ಟೆಯಲ್ಲಿ ಕರೆಸಿ, ಅರ್ಧ ಗಂಟೆಯೊಳಗೆ ಒಂದು ಲೀಟರು ಕುಡಿಸಿ, ಮುಂದಿನ ನಾಲ್ಕು ಗಂಟೆ ಅವರ ಮೂತ್ರವನ್ನು ಅಳೆದು ಬರೆದಿಟ್ಟರು. ನೀರು, ಸೋಡಾ, ಕೋಲಾ, ಕಿತ್ತಳೆ ರಸ, ಕಾಫಿ, ಚಹಾ, ಬಿಯರು, ಹಾಲು, ಆಟಗಾರರ ಪಾನೀಯ, ಓ.ಆರ್.ಎಸ್. ಎಂದೆಲ್ಲ ಒಟ್ಟು 13 ಬಗೆ. ಗೆದ್ದದ್ದು ಹಾಲು ಮತ್ತು ಓ.ಆರ್.ಎಸ್. ಮೊದಲ ಎರಡು ಗಂಟೆಗಳ ಲೆಕ್ಕದಲ್ಲಿ, ನೀರು ಕುಡಿದಾಗ ಹೊರಹೋದ ಮೂತ್ರದ ಸುಮಾರು ಮೂರನೆಯ ಎರಡು ಪಾಲಷ್ಟೇ ಹಾಲು ಕುಡಿದಾಗ ಹೊರಹೋಯಿತು. ಕಿತ್ತಳೆ ರಸ ಅವುಗಳ ಹಿಂದೆ. ಮಿಕ್ಕವೆಲ್ಲ ನೀರಿನ ಸರಿಸಮ. ದುಬಾರಿ ಬೆಲೆಯ ಆಟಗಾರರ ಪಾನೀಯವೂ ನೀರಿಗಿಂತ ಒಂದು ಕೈ ಮೇಲಾಗಲಿಲ್ಲ. ಕಾಫಿ ನೀರಿಗಿಂತ ಕೆಳಗೂ ಇಳಿಯಲಿಲ್ಲ. ‘ಕಾಫಿ ಕುಡಿದರೆ ಮೈಯ ನೀರೆಲ್ಲ ಆರಿಹೋಗುತ್ತದೆ’ ಎಂದು ನಮ್ಮ ಎರಡನೆಯ ಲೋಟಕ್ಕೆ ಕಣ್ಣು ಹಾಕುವವರಿಗೆ ಇಷ್ಟು ಹೇಳಿದರೆ ಸಾಕು.

ಫಲಿತಾಂಶದ ಬಗ್ಗೆ ನನಗೆ ತಕರಾರಿಲ್ಲ. ಆ 72 ಮಂದಿಯೂ ಗಂಡಸರು ಎಂಬುದನ್ನು ಓದಿದಾಗ ಮಾತ್ರ ಪುಸ್ತಕ ಮಗುಚಿಟ್ಟು ಸ್ವಲ್ಪ ಹೊತ್ತು ಕೂತೆ. ಇದಕ್ಕೆ ಎರಡು ವರ್ಷ ಮೊದಲು, 2014ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಕಾಫಿಯೊಂದನ್ನೇ ಹಿಡಿದು ನಡೆದ ಇನ್ನೊಂದು ಪರೀಕ್ಷೆಯಲ್ಲಿದ್ದವರು 50 ಮಂದಿ, ಅವರೂ ಗಂಡಸರೇ. ಹೆಂಗಸರನ್ನು ಬಿಟ್ಟದ್ದೇಕೆಂದರೆ, ಮುಟ್ಟಿನ ಚಕ್ರದಿಂದ ಅವರ ಮೈಯ ನೀರಿನಲ್ಲಿ ಏರುಪೇರಾಗುತ್ತದಂತೆ, ಲೆಕ್ಕ ಕೆಡುತ್ತದಂತೆ! ಏರುಪೇರಾಗುವ ಮೈಗೆ ತಾನೇ ಯಾವುದು ಹಿತ ಎಂದು ಮೊದಲು ತಿಳಿಯಬೇಕಾದದ್ದು? ಗಂಡಸಿನ ಮೂತ್ರ ಅಳೆದು ಬರೆದ ಪಟ್ಟಿ ಮಾತ್ರ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಉಪದೇಶವಾಗಿ ಬಂದು ಕೂರುತ್ತದೆ.

ಹೋಗಲಿ, ನಮ್ಮನ್ನೂ ಸೇರಿಸಿಕೊಂಡಿದ್ದರು ಎಂದೇ ಇಟ್ಟುಕೊಳ್ಳೋಣ. ಆಗಲೂ ನನ್ನ ಜಗಳ ತೀರುತ್ತಿರಲಿಲ್ಲ. ಏಕೆಂದರೆ ಆ ಪರೀಕ್ಷೆ ನಡೆಯಬೇಕಾದರೆ ಪಕ್ಕದಲ್ಲೇ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯ ಇರಲೇಬೇಕು. ಕುಡಿಯಬೇಕು, ಹೋಗಬೇಕು, ಅಳೆಯಬೇಕು. ನಮ್ಮ ಕಡೆಯ ಹೆಂಗಸು ದಿನವೂ ಮಾಡುವುದು ಇದರ ತಿರುವುಮುರುವು ಪರೀಕ್ಷೆ. ಅವಳು ಮೊದಲು ಹೋಗಲು ಜಾಗವಿದೆಯೇ ಎಂದು ಅಳೆಯುತ್ತಾಳೆ, ಆಮೇಲೆ ಎಷ್ಟು ಕುಡಿಯುವುದೆಂದು ತೀರ್ಮಾನಿಸುತ್ತಾಳೆ.

ಚುಂಚನಕಟ್ಟೆಯನ್ನೇ ತೆಗೆದುಕೊಳ್ಳಿ. ಕೃಷ್ಣರಾಜನಗರದಿಂದ ಒಂದು ಗಳಿಗೆಯ ಬಸ್ಸಿನ ದಾರಿ. ಕಾವೇರಿ ಇಲ್ಲಿ ಕವಲೊಡೆದು ಬಂಡೆಗಳ ಮೇಲಿಂದ ಧುಮುಕುತ್ತಾಳೆ, ಮಳೆಗಾಲದಲ್ಲಿ ಆ ಮೊರೆತ ದೂರಕ್ಕೆ ಕೇಳುತ್ತದೆ. ಸುತ್ತಲೂ ಭತ್ತದ ಗದ್ದೆ, ಕಬ್ಬು. ದಡದ ಮೇಲೆ ಕೋದಂಡರಾಮನ ಗುಡಿ, ಅಲ್ಲಿ ಸೀತೆ ನಿಂತಿರುವುದು ರಾಮನ ಬಲಗಡೆಗೆ. ಸ್ಥಳಪುರಾಣ ಇನ್ನೂ ಚೆನ್ನಾಗಿದೆ. ವನವಾಸದಲ್ಲಿ ಸೀತೆಗೆ ಮೀಯಬೇಕೆನಿಸಿತಂತೆ. ರಾಮ ಹೇಳಿದ, ಲಕ್ಷ್ಮಣ ಬಾಣ ಬಿಟ್ಟು ಬಂಡೆ ಸೀಳಿದ, ನೀರು ಚಿಮ್ಮಿತು, ಅದೂ ಅರಿಸಿನ, ಎಣ್ಣೆ, ಸೀಗೆಯ ಸಮೇತ. ಹೆಣ್ಣೊಬ್ಬಳು ಬಾಯಿಬಿಟ್ಟು ಹೇಳಿದ ಮೈಯ ಅಗತ್ಯವೊಂದನ್ನು ಕೇಳಿಸಿಕೊಂಡು ಗಂಡಸರಿಬ್ಬರು ತಕ್ಷಣ ಬಂಡೆಯನ್ನೇ ಒಡೆದ ಕತೆ ನಮ್ಮ ಪುರಾಣಗಳಲ್ಲಿ ಎಷ್ಟಿವೆಯೋ ನಾನರಿಯೆ. ಇಲ್ಲಿ ಒಂದಿದೆ.

ಸಂಕ್ರಾಂತಿಯ ಸುಮಾರಿಗೆ ಇಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ತರುವವರು, ಕೊಳ್ಳುವವರು, ಸುಮ್ಮನೆ ನೋಡುವವರು. ಹಿಂದೊಮ್ಮೆ ಹೋದಾಗ ಕಡ್ಲೆಪುರಿ ಮಾರುತ್ತಿದ್ದ ಒಬ್ಬಾಕೆಯ ಮುಂದೆ ನಿಂತಿದ್ದೆ. ಐವತ್ತು ದಾಟಿದವಳು. ಊರೂರು ಜಾತ್ರೆಗೆ ಪುರಿ ಮೂಟೆ ಹೊತ್ತು ತಿರುಗುವುದೇ ಅವಳ ಬದುಕು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಬಿಸಿಲು ಏರಿತ್ತು, ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು, ಕೊಡಹೋದೆ.

“ಬ್ಯಾಡ ಕಣವ್ವ.”

“ಯಾಕಮ್ಮ, ಇಷ್ಟು ಬಿಸಿಲು?”

“ನೀರು ಕುಡಿದ್ರೆ ಎಲ್ಲಿಗ್ ಹೋಗ್ಲಿ? ಎತ್ತ ನೋಡಿದ್ರೂ ಗಂಡುಸ್ರು. ಯಾವ ಜಾತ್ರೆಗೆ ಹೋದ್ರೂ ಇದೇ ಪಾಡು ಕಣವ್ವ. ಕತ್ಲಾಗ್ಲಿ, ಕುಡೀತೀನಿ.”

ಹಾಲಿನ ಸೂಚ್ಯಂಕ ಎಷ್ಟು, ಚಹಾದ ಸೂಚ್ಯಂಕ ಎಷ್ಟು ಎಂದು ಇವಳಿಗೆ ಹೇಳಿ ನೋಡೋಣ. ಇವಳ ಪಾಲಿಗೆ ಮೈಯಲ್ಲಿ ನೀರು ನಿಲ್ಲಿಸುವ ಪಾನೀಯವೊಂದೇ, ಕುಡಿಯದೆ ಬಿಟ್ಟ ನೀರು.

ಗಂಡಸರ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ ಅನ್ನಬೇಡಿ, ಕೇಳಿದ್ದಾರೆ, ಚೆನ್ನಾಗಿಯೇ ಕೇಳಿದ್ದಾರೆ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರನೊಬ್ಬ ಅಲ್ಲಿನ ವೈದ್ಯ ರಾಬರ್ಟ್ ಕೇಡ್ ಅವರ ಬಳಿ ಬಂದು, ನಮ್ಮ ಹುಡುಗರಿಗೆ ಆಟದ ಹೊತ್ತಿನಲ್ಲಿ ಮೂತ್ರವೇ ಬರುವುದಿಲ್ಲವಲ್ಲ, ಏಕೆ ಎಂದು ವಿಚಾರಿಸಿದನಂತೆ. ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತಿದ್ದವು. ವೈದ್ಯರು ಉಪ್ಪು ಸಕ್ಕರೆಯ ನೀರಿಗೆ ನಿಂಬೆ ರಸ ಬೆರೆಸಿ ಕುಡಿಸಿದರು. ಅದೇ ಗೇಟರೇಡ್. ಆ ಒಂದು ಪ್ರಶ್ನೆಯಿಂದ ಲೋಕವ್ಯಾಪಿ ವ್ಯಾಪಾರವೇ ಹುಟ್ಟಿತು. ಮೈದಾನದ ಗಂಡುಹುಡುಗನಿಗೆ ಕೆಲವು ಗಂಟೆ ಮೂತ್ರ ಬರದಿದ್ದರೆ ವಿಜ್ಞಾನ ಎದ್ದು ಕೂರುತ್ತದೆ. ನಾಟಿ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿದವಳು ಕಟ್ಟಿಕೊಂಡೇ ಇದ್ದರೆ ಅದು ಅವಳ ಮಾನ, ಅವಳ ಸಹನೆ!

ಓ.ಆರ್.ಎಸ್. ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ, ಅದನ್ನು ನಾನು ಹೀಗಳೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿಯೇ ಒಳಗೆ ಸಾಗುತ್ತವೆ, ಅವುಗಳ ಬೆನ್ನು ಹಿಡಿದು ನೀರೂ ಸಾಗುತ್ತದೆ. ಇಷ್ಟೇ ಗುಟ್ಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಡ್ರಿಪ್ಪು ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಈ ಉಪ್ಪು ಸಕ್ಕರೆಯ ನೀರನ್ನು ಬಾಯಿಯ ಮೂಲಕವೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮಗುವಿಗೆ ಭೇದಿಯಾದಾಗ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ತಲೆ ಸವರಿ ಅಳೆದು ಹಾಕಿ. ಉಪ್ಪು ಹೆಚ್ಚಾದರೆ ಅಪಾಯ.

ಆದರೆ ಅಂಗಡಿಯವರು ಈ ಹೆಸರನ್ನು ಬಿಟ್ಟಾರೆಯೇ? ಬಣ್ಣದ ಡಬ್ಬಿಯ ಮೇಲೆ ಓ.ಆರ್.ಎಸ್. ಎಂದು ಅಚ್ಚು ಹಾಕಿ, ಒಳಗೆ ಸೂತ್ರಕ್ಕಿಂತ ಹಲವು ಪಟ್ಟು ಸಕ್ಕರೆ ತುಂಬಿ ಔಷಧಿ ಅಂಗಡಿಯಲ್ಲೇ ಮಾರಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ. ಅತಿ ಸಿಹಿಯಾದ ನೀರು ಕರುಳಿಗೆ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಕಡೆಗೆ 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ, ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಮೂರಕ್ಷರ ಬಳಸಕೂಡದೆಂದು ಆಜ್ಞೆ ಮಾಡಿತು. ಇಲ್ಲೂ ತಪ್ಪನ್ನು ಕಂಡದ್ದು ಒಬ್ಬ ಹೆಂಗಸು, ನೋಡಿ.

ಆರೋಗ್ಯವಂತರ ದಿನದ ದಾಹಕ್ಕೆ ಇದಾವುದೂ ಬೇಡ. ರಾಮನವಮಿಯ ದಿನ ಬೆಲ್ಲದ ಪಾನಕವನ್ನೂ ಉಪ್ಪು ಹಾಕಿದ ನೀರುಮಜ್ಜಿಗೆಯನ್ನೂ ಜೊತೆಯಾಗಿ ಹಂಚುತ್ತಾರಲ್ಲ, ಚೈತ್ರದ ಬಿಸಿಲಿಗೆ ಅದಕ್ಕಿಂತ ಬೇರೆ ಏನು ಬೇಕು? ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ರಾಗಿ ಅಂಬಲಿ, ಉಪ್ಪು ಹಾಕಿದ ಅನ್ನದ ಗಂಜಿ ಬರೀ ನೀರಿಗಿಂತ ಮೇಲು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಕುಡಿಯಲು ಸೊಗಸು, ಭೇದಿಗೆ ಓ.ಆರ್.ಎಸ್.ನ ಬದಲಿ ಅಲ್ಲ. ಕಬ್ಬಿನ ಹಾಲು ಬಾಯಿಚಪಲಕ್ಕೆ. ಬ್ರಿಟನ್ನಿನವರ ಹದಿಮೂರರಲ್ಲಿ ಮಜ್ಜಿಗೆಯೂ ಇಲ್ಲ, ಅಂಬಲಿಯೂ ಇಲ್ಲ. ಪರವಾಗಿಲ್ಲ, ನಮ್ಮಲ್ಲಿ ಪಾನೀಯಕ್ಕೆ ಬರವಿಲ್ಲ.

ಬರ ಇರುವುದು ನಾಲ್ಕು ಗೋಡೆಗೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕಟ್ಟುವ ಕಾಲದಲ್ಲಿ ಹೆಂಗಸರು ಬ್ಯಾರನ್ನಿನ ಪಕ್ಕದಲ್ಲಿ ದಿನವಿಡೀ ಕೂತು ಎಲೆ ಕಟ್ಟುತ್ತಾರೆ. ಕಬ್ಬು ಕಡಿಯುವವರ ಗುಂಪಿನಲ್ಲಿ ಅರ್ಧಕ್ಕರ್ಧ ಹೆಂಗಸರು. ಚುಂಚನಕಟ್ಟೆಯಲ್ಲೇ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ಇದೆಯಲ್ಲ, ವರ್ಷಗಟ್ಟಲೆ ಬಾಗಿಲು ಹಾಕಿದ್ದ ಕಾರ್ಖಾನೆ. ಯಾವುದೇ ಕಾರ್ಖಾನೆಯ ಒಳಗೆ ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ಹೇಳಿತ್ತು. ಆ ಕಾಯಿದೆ ಕಾರ್ಖಾನೆಯ ಗೇಟಿನ ಹತ್ತಿರ ಬಂದು ನಿಂತುಬಿಟ್ಟಿತು. ಗೇಟಿನೊಳಗೆ ಅರೆಯುವ ಕಬ್ಬನ್ನು ಗೇಟಿನ ಹೊರಗೆ ಕಡಿದವಳು ಅದರ ಕಣ್ಣಿಗೆ ಬೀಳಲಿಲ್ಲ. 2014ರಲ್ಲಿ ಸ್ವಚ್ಛ ಭಾರತ ಬಂದ ಮೇಲೆ ಮನೆಮನೆಗೆ ಶೌಚಾಲಯ ಕಟ್ಟಿಸಿದರು, ಒಳ್ಳೆಯದೇ ಆಯಿತು. ಆದರೆ ಹೆಂಗಸು ಹಗಲೆಲ್ಲ ಮನೆಯಲ್ಲೇ ಇರುತ್ತಾಳೆಂದು ಲೆಕ್ಕ ಹಾಕಿದವರು ಯಾರು?

ಇದು ಹಳ್ಳಿಯ ಕತೆ, ನಮಗೇನು ಎನ್ನಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಕಾಸಿಲ್ಲ. ಇಳಿದಾಗ ಗೊತ್ತಾಗುತ್ತದೆ. ಹೆಸರು ಹೇಳುವುದಿಲ್ಲ, ಒಂದು ಬಸ್ ನಿಲ್ದಾಣದಲ್ಲಿ ಗಂಡಸರ ಮೂತ್ರಾಲಯಕ್ಕೆ ಹಣವಿಲ್ಲ, ನಮ್ಮದಕ್ಕೆ ಮೇಜು ಹಾಕಿಕೊಂಡು ಕೂತವನ ಕೈಗೆ ಚಿಲ್ಲರೆ ಇಡಬೇಕು. ಒಳಗೆ ಹೋದರೆ ಚಿಲಕವಿಲ್ಲ. ಇನ್ನೊಂದು ಕಡೆ ಚಿಲಕವಿತ್ತು, ಆದರೆ ಹೊರಗಿನಿಂದ ಬೀಗವೇ ಹಾಕಿತ್ತು. ಕೀಲಿ ಯಾರ ಬಳಿ ಎಂದು ನಾಲ್ಕು ಗಂಡಸರನ್ನು ಕೇಳಿಕೊಂಡು ತಿರುಗುವ ಸಂಕಟಕ್ಕೆ ಯಾವ ಸೂಚ್ಯಂಕವಿದೆ? ನಮ್ಮಲ್ಲಿ ಎಷ್ಟು ಜನ ಮದುವೆಗೆ ಹೊರಡುವ ದಿನ ಬೆಳಗಿನ ಕಾಫಿಯನ್ನೂ ಅರ್ಧಕ್ಕೆ ಬಿಡುತ್ತೇವೆ, ಕೈಯೆತ್ತಿ ನೋಡೋಣ.

ಕುಡಿಯದಿದ್ದರೆ ಏನಾಗುತ್ತದೆಂದು ವೈದ್ಯರಿಗೆ ಗೊತ್ತು. ಹೆಂಗಸಿನ ಮೂತ್ರನಾಳ ಗಿಡ್ಡ, ಸೋಂಕು ಬೇಗ ಮೇಲೇರುತ್ತದೆ. ನೀರು ಕಡಿಮೆಯಾದರೆ, ಕಟ್ಟಿಕೊಂಡರೆ ಇನ್ನೂ ಬೇಗ. ಉರಿ, ಜ್ವರ, ಕೆಲವರಿಗೆ ಮೂತ್ರಪಿಂಡದ ಕಲ್ಲು. ಆಗ ಚೀಟಿಯ ಕೊನೆಯಲ್ಲಿ ಬರೆಯುತ್ತಾರೆ, ‘ಹೆಚ್ಚು ನೀರು ಕುಡಿಯಿರಿ’. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎಲ್ಲಿ ಕೆಲಸ ಮಾಡುತ್ತೀರಿ, ಅಲ್ಲಿ ಶೌಚಾಲಯ ಇದೆಯೇ ಎಂದು ಯಾಕೆ ಕೇಳುವುದಿಲ್ಲ? ಅಳತೆಯೇ ಬೇಕಾದರೆ ಸೂಚ್ಯಂಕಕ್ಕಿಂತ ಸುಲಭವಾದದ್ದು ನಮ್ಮ ಬಳಿಯೇ ಇದೆ. ಮೂತ್ರದ ಬಣ್ಣ ತಿಳಿ ಹುಲ್ಲಿನಂತಿದ್ದರೆ ಸರಿ, ಗಾಢ ಹಳದಿಗೆ ತಿರುಗಿದರೆ ಮೈ ನೀರು ಕೇಳುತ್ತಿದೆ ಎಂದರ್ಥ.

ಪಕ್ಕದ ಕೇರಳದಲ್ಲಿ ಈ ಮಾತನ್ನು ಬೀದಿಗೆ ತಂದವರಿದ್ದಾರೆ. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವಿರಲಿಲ್ಲ. ನೀರು ಕುಡಿಯದೆ ದಿನ ದೂಡುತ್ತಿದ್ದರು. ಹೊಲಿಗೆ ಕೆಲಸದ ಪಿ. ವಿಜಿ ಅವರನ್ನೆಲ್ಲ ‘ಪೆಣ್‌ಕೂಟ್ಟ್’ ಎಂಬ ಸಂಘಟನೆಯಲ್ಲಿ ಸೇರಿಸಿದರು. ಮೊದಲ ಬೇಡಿಕೆಯೇ ಶೌಚಾಲಯ. ಮುಂದೆ ಕೂರುವ ಹಕ್ಕನ್ನೂ ಕೇಳಿದರು, 2018ರಲ್ಲಿ ಕೇರಳ ಅದಕ್ಕೆ ಕಾನೂನು ತಂದಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ನ್ಯಾಯಾಲಯಗಳಲ್ಲೂ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕು, ಅದು ಬದುಕುವ ಹಕ್ಕಿನ ಭಾಗ ಎಂದಿತು. ನ್ಯಾಯ ಹೇಳುವ ಕಟ್ಟಡಕ್ಕೇ ಆಜ್ಞೆ ಬೇಕಾಯಿತೆಂದರೆ ಗದ್ದೆಯ ಬದುವಿಗೆ ಯಾರು ಆಜ್ಞೆ ಮಾಡುತ್ತಾರೆ!

ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ಹಾಕಿಸುವ ನಾವು, ಬಿಡಿಸಿದ ಹುಡುಗಿಯನ್ನು ಒಂದು ಮಾತು ಕೇಳಬಹುದು, “ನಿಮಗೆ ಹೋಗಲು ಜಾಗ ಇದೆಯೇನಮ್ಮ?” ಎಂದು. ಇಲ್ಲವೆಂದರೆ ಹಣ ಎಣಿಸುವ ಮೊದಲು ಯಜಮಾನರನ್ನು ಕೇಳಬಹುದು. ಊರಿನ ಜಾತ್ರೆಗೆ ಚಂದಾ ಕೇಳಲು ಬಂದವರನ್ನೂ ಬಿಡಬೇಡಿ. ತೇರಿಗೆ ಎಷ್ಟು, ದೀಪಾಲಂಕಾರಕ್ಕೆ ಎಷ್ಟು ಎಂದು ಓದಿ ಹೇಳುತ್ತಾರಲ್ಲ, ಆ ಪಟ್ಟಿಯಲ್ಲಿ ಇದನ್ನೂ ಬರೆಸಿ: ಹೆಂಗಸರಿಗೆಂದು ತಗಡಿನ ಗೋಡೆಯ ನಾಲ್ಕು ಕೋಣೆ, ಎರಡು ಡ್ರಮ್ಮು ನೀರು, ರಾತ್ರಿಗೆ ಒಂದು ದೀಪ, ಒಳಗಿನಿಂದ ಹಾಕುವ ಚಿಲಕ. ಹೊರಗೆ ಬೀಗ ಬೇಡ, ಮೇಜು ಹಾಕಿಕೊಂಡು ಕೂರುವವನೂ ಬೇಡ.